ಪುಡಿ ಹಾಕದ ಗೋಡೆ

ಬ್ಯಾಡಗಿಯ ನಮ್ಮ ಮನೆಯ ಹಿತ್ತಲಿಗಿದ್ದದ್ದು ಕಲ್ಲಿನ ಮೇಲೆ ಕಲ್ಲು ಪೇರಿಸಿದ, ಮಣ್ಣು ಗಾರೆ ಏನೂ ಇಲ್ಲದ ಗೋಡೆ. ಅದರ ಸಂದಿಗಳಲ್ಲಿ ಜರಿಗಳಿದ್ದವು. ಇಟ್ಟಿಗೆ ಬಣ್ಣದ ತಲೆ, ಹಾಲಿಗೆ ಒಂದು ತೊಟ್ಟು ಶಾಯಿ ಬಿದ್ದಂಥ ನೀಲಿ ಕಾಲು. ಕಂಡಾಗೆಲ್ಲ ನಾವು ಚಪ್ಪಲಿಯಲ್ಲಿ ಹೊಡೆಯುತ್ತಿದ್ದೆವು. ಒಂದು ಮಳೆಗಾಲ, ಹುಳಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ಹುಡುಗಿಯೊಬ್ಬಳು ಧಾರವಾಡದಿಂದ ಬಂದು ಆ ಗೋಡೆಯ ಮುಂದೆ ಮಧ್ಯಾಹ್ನವೆಲ್ಲ ಬೋರಲು ಮಲಗಿದಳು. ಗುತ್ತಲದ ಹೊಲದ ಬದುಗಳಲ್ಲಿ, ರಾಣೆಬೆನ್ನೂರಿನ ಕುರುಚಲು ಕಾಡಿನಲ್ಲಿ ಹುಡುಕಿ ಬಂದಿದ್ದಳಂತೆ. ಈ ಜಾತಿಯ ಜರಿ ನಮ್ಮ ಓಣಿಯ ಹಿಂದಿನ ಗೋಡೆಸಾಲು ಬಿಟ್ಟು ಎಲ್ಲಿಯೂ ಸಿಕ್ಕಿರಲಿಲ್ಲ. ಓಣಿಯವರೋ ಒಬ್ಬೊಬ್ಬರಾಗಿ ಕಲ್ಲುಗೋಡೆ ಕೆಡವಿ ಸಿಮೆಂಟಿನ ಕಂಪೌಂಡು ಕಟ್ಟಿಸುತ್ತಿದ್ದರು. ಉಳಿದದ್ದು ಹೆಚ್ಚುಕಡಿಮೆ ನಮ್ಮದೇ.

“ಅಕ್ಕಾರ, ಪುಡಿ ಹಾಕಬ್ಯಾಡ್ರಿ, ಬಿಸಿನೀರು ಬಿಡಬ್ಯಾಡ್ರಿ, ಕಲ್ಲು ಎತ್ತಬ್ಯಾಡ್ರಿ. ಅಷ್ಟ ಸಾಕು” ಅಂದಳು.

ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ನನಗೆ ಇಲ್ಲ ಅನ್ನುವುದನ್ನು ಕಲಿಸಿರಲಿಲ್ಲ. ಹೂಂ ಅಂದೆ. ಏನೂ ಮಾಡದೆ ಇರುವುದು ಎಷ್ಟು ಕೆಲಸವೆಂದು ಆಗ ಗೊತ್ತಿರಲಿಲ್ಲ. ದಸರೆಗೆ ಮನೆ ತೊಳೆಯುವಾಗ, ಸುಣ್ಣ ಹೊಡೆಯುವವರು ಬಂದಾಗ, ಪ್ರತಿ ಸಲ ಅದೇ ಮಾತು ಹೇಳಿ ಹೇಳಿ ನನ್ನ ಬಾಯಿ ಸೋಲುತ್ತಿತ್ತು.

ಮರುವರ್ಷದ ಮಳೆಗಾಲಕ್ಕೆ ನಾದಿನಿ ಹೆರಿಗೆಗೆ ಬಂದಳು. ಬಾಣಂತಿಯ ಕೋಣೆ ಹಿತ್ತಲಿಗೆ ಹತ್ತಿಕೊಂಡಿತ್ತು. ಅದರ ಬಚ್ಚಲಿನ ನೀರು ಹೋಗುವುದು ಗೋಡೆಯ ಬುಡಕ್ಕೇ. ಅತ್ತೆ ಡಿಡಿಟಿ ಪುಡಿಯ ಡಬ್ಬಿ ತರಿಸಿ ಬಾಗಿಲ ಹಿಂದೆ ಇಟ್ಟರು. ಹಸಿಗೂಸು ಮಲಗುವ ಮನೆಯಲ್ಲಿ ಜರಿ ಸಾಕುವ ಸೊಸೆಯನ್ನು ಅವರು ಎಲ್ಲೂ ಕಂಡಿರಲಿಲ್ಲವಂತೆ. ಅವರದೇನು ತಪ್ಪು? ಕೂಸಿನ ಬೆರಳುಗಳು ಅಕ್ಕಿಕಾಳಿನಷ್ಟಿದ್ದವು.

ಕೊನೆಗೆ ಬೀದಿಕಡೆಯ ನಮ್ಮ ಕೋಣೆಯನ್ನು ಬಾಣಂತಿಗೆ ಬಿಟ್ಟುಕೊಟ್ಟು, ಅದರ ಮೋರಿಯಿದ್ದ ಮೂಲೆಯಲ್ಲಿ ಮಣೆ ಹಾಕಿ ತಾಯಿಗೂ ಕೂಸಿಗೂ ಅಲ್ಲಿಯೇ ಎರೆಯತೊಡಗಿದೆ. ನೀರು ಕಾಯಿಸುವ ಹಂಡೆ ಮಾತ್ರ ಹಿತ್ತಲಿನಲ್ಲೇ ಉಳಿಯಿತು. ಕುದಿನೀರನ್ನು ಕೊಡಗಟ್ಟಲೆ ಅಡುಗೆಮನೆ ದಾಟಿಸಿ, ಪಡಸಾಲೆ ದಾಟಿಸಿ ಹೊತ್ತೆ. ಮಳೆಗೆ ಸೀರೆಯ ಅಂಚು ಒಣಗುತ್ತಲೇ ಇರಲಿಲ್ಲ. ಮೆಣಸಿನಕಾಯಿ ಚೀಲಗಳ ಪಕ್ಕದಲ್ಲಿ ಹಾಸಿಕೊಂಡ ನಮ್ಮ ಮನೆಯವರು ಸೀನುತ್ತ, “ಜರಿಗೆ ಹಿತ್ತಲಾ, ತಂಗಿಗೆ ಕೋಣಿ, ನನಗ ಚೀಲ” ಅನ್ನುತ್ತಿದ್ದರು.

ಒಂದು ಮುಂಜಾನೆ ಮೈ ಕಾದು, ಅಡುಗೆಮನೆಯ ಗೋಡೆಗೆ ಆತು ಕೂತುಬಿಟ್ಟೆ. ಅತ್ತೆ ಡಬ್ಬಿ ಹಿಡಿದು ಹಿತ್ತಲಿಗೆ ಹೋದದ್ದು ಕಂಡಿತು. ಎದ್ದು ತಡೆಯುವ ತ್ರಾಣವಿರಲಿಲ್ಲ. ಕಲ್ಲು ಸರಿದ ಸಪ್ಪಳ ಕೇಳಿತು.

“ಇಲ್ಲಿ ಬಾ” ಅಂದರು. ಗೋಡೆ ಹಿಡಿದುಕೊಂಡು ಹೋದೆ.

ಎತ್ತಿದ ಕಲ್ಲಿನ ಕೆಳಗೆ ಜರಿಯೊಂದು, ಕೊಡದಡಿಗೆ ತಲೆಯ ಮೇಲಿಡುವ ಸಿಂಬಿಯಂತೆ ಸುತ್ತಿಕೊಂಡಿತ್ತು. ನಡುವೆ ಸಾಬೂದಾಣಿಯಂಥ ಮೊಟ್ಟೆಗಳು. ಅದು ಓಡಲಿಲ್ಲ, ಸುತ್ತು ಬಿಗಿ ಮಾಡಿತು ಅಷ್ಟೇ. ಹೆದರಿದರೆ ತಾಯಿಯೇ ಮೊಟ್ಟೆ ತಿಂದುಬಿಡುತ್ತದೆ ಎಂದು ಆ ಹುಡುಗಿ ಹೇಳಿದ್ದನ್ನು ಅತ್ತೆಗೆ ಹೇಳಿದೆ.

ಅವರು ಡಬ್ಬಿ ನನ್ನ ಕೈಗೆ ಕೊಟ್ಟು, ಹಾಲಿನ ಪಾತ್ರೆಗೆ ಮುಚ್ಚಳ ಇಡುವಷ್ಟು ಮೆಲ್ಲಗೆ ಕಲ್ಲನ್ನು ಮತ್ತೆ ಇಟ್ಟರು.

“ನಿನ್ನ ಪಾಲಿಗೆ ಎರಡು ಬಾಣಂತನ ಬಂದ್ವಲ್ಲ ತಂಗಿ” ಅಂದರು. “ನಾಳಿಂದ ನಾನೂ ನೀರು ಹೊರತೇನಿ.”

ಸ್ವಲ್ಪ ದಿನ ಹೊತ್ತರು. ಆಮೇಲೆ ಅವರ ಮೊಣಕಾಲು ಹಿಡಿದುಕೊಂಡಿತು, ಮತ್ತೆ ನಾನೇ ಹೊತ್ತೆ. ಆದರೆ ಹಿತ್ತಲಿನ ಕಡೆ ಯಾರು ಹೊರಟರೂ ಕೂತಲ್ಲಿಂದಲೇ ಗದರುವ ಕೆಲಸವನ್ನು ಅವರು ವಹಿಸಿಕೊಂಡರು. ಡಬ್ಬಿಗೆ ಬಾಗಿಲ ಹಿಂದೆಯೇ ತುಕ್ಕು ಹತ್ತಿತು.

ಆ ಮೊಟ್ಟೆಗಳು ಮರಿಯಾದವೋ, ನಾವು ಹೆದರಿಸಿದ್ದಕ್ಕೆ ತಾಯಿ ತಿಂದಿತೋ ತಿಳಿಯಲಿಲ್ಲ. ತಿಳಿಯಬೇಕೆಂದರೆ ಇನ್ನೊಮ್ಮೆ ಕಲ್ಲು ಎತ್ತಬೇಕಿತ್ತು.