ಅತ್ತೆ ಹಟ ಹಿಡಿದು ಮಾಡಿಸಿದ ವಿಮೆ

ಆ ಬೀದಿಗೆ ಬಂದು ಹೆಸರು ಹಿಡಿದು ಕೇಳಿದರೆ ಅವರ ಮನೆಯನ್ನು ಯಾರೂ ತೋರಿಸುತ್ತಿರಲಿಲ್ಲ. ಕಾಜಾ ಅಮ್ಮ ಎಂದರೆ ಮಾತ್ರ, ಹಾಲಿನವನಿಂದ ಹಿಡಿದು ಅಂಚೆಯವನವರೆಗೆ ಎಲ್ಲರ ಬೆರಳೂ ಒಂದೇ ಬಾಗಿಲಿನತ್ತ ತಿರುಗುತ್ತಿತ್ತು. ಟೈಲರ್ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಕಿಟಕಿಯ ಬೆಳಕಿಗೆ ಮುಖ ಕೊಟ್ಟು ಕೂತು, ಹೊಲಿದಿಟ್ಟ ಅಂಗಿಗಳಿಗೆ ಗುಂಡಿ ಹಚ್ಚುವುದು, ಗುಂಡಿ ತೂರುವ ಕಂಡಿಯ ಸುತ್ತ ದಾರದಿಂದ ಕಾಜಾ ಹಾಕುವುದು ಅವರ ಕೆಲಸ. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡಿದ್ದರು. ಇದ್ದೊಬ್ಬ ಮಗಳನ್ನು ಆ ಸೂಜಿಯ ಮೇಲೇ ಸಾಕಿ, ಓದಿಸಿ, ಮದುವೆ ಮಾಡಿದ್ದರು. ಮದುವೆಯಾದ ಮೇಲೆ ಮಗಳು ಅಳಿಯ ಇಬ್ಬರೂ ಸೇರಿ ಅವರನ್ನು ತಮ್ಮ ಮನೆಗೇ ಕರೆದುಕೊಂಡರು. "ಅಳಿಯನ ಮನೇಲಿ ಅತ್ತೆ ಇರೋದು ಅಂದ್ರೆ ಅಂಗಿಗೆ ಒಂದು ಗುಂಡಿ ಜಾಸ್ತಿ ಹಚ್ಚಿದ ಹಾಗೆ," ಎಂದು ಅವರು ಬೇಡವೆಂದರೂ ಅಳಿಯ ಕೇಳಲಿಲ್ಲ.

ಅಳಿಯ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವರು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲ ಕೆಳಗಿನ ಎರಡನೇ ಬ್ರೇಕನ್ನು ಒತ್ತಿ ಒತ್ತಿ ಊರಿನಲ್ಲೆಲ್ಲ ಬ್ರೇಕ್ ಮೇಷ್ಟ್ರು ಎಂದೇ ಹೆಸರಾಗಿದ್ದರು. ಆ ಅಭ್ಯಾಸ ಮನೆಯಲ್ಲೂ ಬಿಟ್ಟಿರಲಿಲ್ಲ. ಹೆಂಡತಿಯ ದನಿ ಸ್ವಲ್ಪ ಏರಿದರೆ ಸಾಕು, ಕುರ್ಚಿಯಲ್ಲಿ ಕೂತಲ್ಲೇ ಅವರ ಬಲಗಾಲು ನೆಲವನ್ನು ಒತ್ತುತ್ತಿತ್ತು. ಅದನ್ನು ನೋಡಿ ಪುಟ್ಟ ಮಗಳು "ಅಪ್ಪ ಬ್ರೇಕ್ ಹಾಕಿದ್ರು!" ಎಂದು ಕೂಗಿದರೆ ಜಗಳವೆಲ್ಲ ನಗೆಯಲ್ಲಿ ಮುಗಿಯುತ್ತಿತ್ತು.

ಒಂದು ದಿನ ಟೈಲರ್ ಅಂಗಡಿಗೆ ಹೊಸಬಳೊಬ್ಬಳು ಕೆಲಸ ಕೇಳಿಕೊಂಡು ಬಂದಳು. ನೋಡಿದರೆ, ಮೇಷ್ಟರ ಜೊತೆ ಅದೇ ಡ್ರೈವಿಂಗ್ ಸ್ಕೂಲಿನಲ್ಲಿ ಲಾರಿ ಕಲಿಸುತ್ತಿದ್ದವರ ಹೆಂಡತಿ. ಅವರು ಜ್ವರವೆಂದು ಮಲಗಿದವರು ಎದ್ದಿರಲಿಲ್ಲ. ಸತ್ತವರ ಹಾಸಿಗೆ ಇನ್ನೂ ಮಡಚಿಟ್ಟಿರಲಿಲ್ಲವೇನೋ, ಅಷ್ಟು ಬೇಗ ಅವಳು ಬಂದು ಕಾಜಾ ಅಮ್ಮನ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. ಸೂಜಿಗೆ ದಾರ ಪೋಣಿಸಲು ಹೋಗಿ ಮೂರು ಸಲ ತಪ್ಪಿದಳು. ನಾಲ್ಕನೇ ಸಲ ಕಾಜಾ ಅಮ್ಮ ಸೂಜಿಯನ್ನು ಅವಳ ಕೈಯಿಂದ ತೆಗೆದುಕೊಂಡು ತಾವೇ ಪೋಣಿಸಿಕೊಟ್ಟರು.

ಅವತ್ತು ಸಂಜೆ ಮನೆಗೆ ಬಂದವರು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಕೇಳಿದರು, "ಅಳಿಯಂದ್ರೆ, ನಿಮ್ಮ ಹೆಸರಲ್ಲಿ ವಿಮೆ ಇದೆಯಾ?"

ಮೇಷ್ಟ್ರು ಪುಟ್ಟ ಮಗಳ ಸ್ಕೂಲ್ ಬ್ಯಾಗಿನ ಜಿಪ್ಪು ಸರಿಮಾಡುತ್ತಿದ್ದರು. "ಗಾಡಿಗೆ ಇದೆ ಅತ್ತೆ."

"ಗಾಡಿಗೆ ಇದೆ. ಗಾಡಿ ಓಡ್ಸೋರಿಗೆ?"

ಒಳಗಿನಿಂದ ಕಾಜಾ ಅಮ್ಮನ ಮಗಳು ಸೌಟು ಹಿಡಿದೇ ಓಡಿಬಂದಳು. "ಅಮ್ಮ! ಎಂಥಾ ಮಾತು ಅಂತ ಆಡ್ತೀಯ? ಬಿಡ್ತು ಅನ್ನು ಮೊದಲು. ಹೊತ್ತು ಮುಳುಗೋ ಹೊತ್ತಲ್ಲಿ!"

"ಬಿಡ್ತು ಅಂದ್ರೆ ಬಿಟ್ಟುಬಿಡುತ್ತಾ? ಹಾಗಿದ್ರೆ ನಿಮ್ಮಪ್ಪನ ಹೊತ್ತಲ್ಲಿ ನಾನು ಹಗಲೂ ರಾತ್ರಿ ಬಿಡ್ತು ಬಿಡ್ತು ಅಂತಿದ್ದೆ."

ಮಗಳು ಸಿಟ್ಟಾಗಿ ಒಳಗೆ ಹೋದಳು. ಪಾತ್ರೆಗಳ ಸದ್ದು ಜೋರಾಯಿತು. ಮೇಷ್ಟರ ಬಲಗಾಲು ನೆಲವನ್ನು ಒತ್ತಿತು. ಕಾಜಾ ಅಮ್ಮ ಅವರ ಎದುರು ಬಂದು ಕೂತು ದನಿ ತಗ್ಗಿಸಿದರು. "ನಿಮ್ಮ ಲಾರಿ ಮೇಷ್ಟರ ಹೆಂಡ್ತಿ ಇವತ್ತು ನನ್ನ ಪಕ್ಕದಲ್ಲಿ ಕೂತಿದ್ಲು. ಬೆಂಕಿ ಬಿದ್ದಾಗ ಬಾವಿ ತೋಡ್ತಾ ಇದ್ದಾಳೆ ಪಾಪ. ನನ್ನ ಮಗಳು ಆ ಸ್ಟೂಲಿನ ಮೇಲೆ ಕೂರಬಾರದು. ಅಷ್ಟೇ ನಾನು ಹೇಳೋದು."

ಮೇಷ್ಟ್ರು ಸ್ವಲ್ಪ ಹೊತ್ತು ಜಿಪ್ಪನ್ನು ಆ ಕಡೆ ಈ ಕಡೆ ಎಳೆದರು. ಆಮೇಲೆ ಒಳಮನೆಯ ಕಡೆ ಒಂದು ಕಣ್ಣಿಟ್ಟು, "ಶನಿವಾರ ನನಗೆ ಮಧ್ಯಾಹ್ನ ಬಿಡುವಿದೆ," ಎಂದು ಪಿಸುಗುಟ್ಟಿದರು. ಕದ್ದು ಸಿನಿಮಾಕ್ಕೆ ಹೊರಟ ಹುಡುಗರ ಹಾಗೆ ಅತ್ತೆ ಅಳಿಯ ಇಬ್ಬರೂ ಶನಿವಾರ ವಿಮಾ ಕಚೇರಿಗೆ ಹೋದರು.

ಅಲ್ಲಿ ಗಾಜಿನ ಮೇಜಿನ ಹಿಂದೆ ಟೈ ಕಟ್ಟಿಕೊಂಡ ಏಜೆಂಟ್ ಬಣ್ಣದ ಹಾಳೆಗಳನ್ನು ಹರಡಿದ. "ಇದು ನೋಡಿ ಅಮ್ಮ. ವರ್ಷ ವರ್ಷ ಕಟ್ಟೋದು ಸ್ವಲ್ಪ ಜಾಸ್ತಿ. ಆದ್ರೆ ಕೊನೇಲಿ ಕಟ್ಟಿದ ದುಡ್ಡೆಲ್ಲ ವಾಪಸ್ ಬರುತ್ತೆ."

"ನಡುವೆ ಇವರಿಗೆ ಏನಾದ್ರೂ ಆದ್ರೆ ಮನೆಗೆ ಎಷ್ಟು ಬರುತ್ತೆ?"

ಅವನು ಹೇಳಿದ. ಕಾಜಾ ಅಮ್ಮ ಮೂಗು ಮುರಿದರು. "ಅಷ್ಟಕ್ಕೆ ಮನೆ ಸಾಲಾನೂ ತೀರಲ್ಲ."

"ಹಾಗಾದ್ರೆ ಟರ್ಮ್ ವಿಮೆ ಅಂತ ಇದೆ. ಕಟ್ಟೋದು ಕಮ್ಮಿ, ಮನೆಗೆ ಬರೋದು ಇದರ ಹತ್ತರಷ್ಟು. ಆದ್ರೆ ಒಂದು ವಿಷಯ ಅಮ್ಮ. ಅವಧಿ ಮುಗಿಯೋವರೆಗೂ ಇವರು ಚೆನ್ನಾಗಿದ್ರೆ ಬಿಡಿಗಾಸೂ ಬರಲ್ಲ. ಕಟ್ಟಿದ್ದು ಹೋಯ್ತು ಅಂತಲೇ. ಜನಕ್ಕೆ ಅದೇ ಹಿಡಿಸಲ್ಲ."

"ಚೆನ್ನಾಗಿದ್ರೆ ಏನೂ ಬರಲ್ಲ?"

"ಏನೂ ಬರಲ್ಲ."

"ಅದನ್ನೇ ಕೊಡಪ್ಪ. ನಮಗೆ ಏನೂ ಬರದೇ ಇರಲಿ."

ಏಜೆಂಟ್ ನಕ್ಕು, ಅರ್ಜಿ ತೆಗೆದು ಒಂದೊಂದೇ ಪ್ರಶ್ನೆ ಕೇಳತೊಡಗಿದ. ಸಕ್ಕರೆ ಕಾಯಿಲೆ ಇಲ್ಲ. ಆಪರೇಷನ್ ಆಗಿಲ್ಲ. "ಸಿಗರೇಟು?"

"ಇಲ್ಲ," ಎಂದರು ಮೇಷ್ಟ್ರು, ಸೂರಿನ ಫ್ಯಾನು ನೋಡುತ್ತ.

"ದಿನಕ್ಕೆ ಎರಡೋ ಮೂರೋ ಇದೆ. ಬರ್ಕೊಳ್ಳಪ್ಪ," ಎಂದರು ಕಾಜಾ ಅಮ್ಮ.

"ಅತ್ತೆ!"

"ಅತ್ತೆಗೆ ಮೂಗಿಲ್ಲ ಅಂದ್ಕೊಂಡ್ರಾ? ಅಂಗಿ ಜೇಬಿನ ಹತ್ರ ಕಿಡಿ ಬಿದ್ದು ತೂತಾಗಿರುತ್ತೆ. ಅದನ್ನ ರಫು ಮಾಡೋಳು ನಾನೇ ತಾನೇ?"

ಮೇಷ್ಟರ ಮುಖ ಕೆಂಪಾಯಿತು. ಮೇಜಿನ ಕೆಳಗೆ ಬಲಗಾಲು ಒತ್ತಿಯೇ ಒತ್ತಿತು. ಏಜೆಂಟ್ ಮುಂದಕ್ಕೆ ಬಾಗಿ, "ಅದನ್ನ ಬರೆದ್ರೆ ಕಂತು ಏರುತ್ತೆ ಅಮ್ಮ. ಬರೀದೇ ಇದ್ರೂ ನಡೆಯುತ್ತೆ, ಎಲ್ಲರೂ ಹಾಗೇ ಮಾಡ್ತಾರೆ," ಎಂದ.

"ಈಗ ನಡೆಯುತ್ತೆ. ನಾಳೆ ಇವರಿಲ್ಲದ ಹೊತ್ತಲ್ಲಿ ನಿಮ್ಮೋರು ಬಂದು ಸುಳ್ಳು ಹೇಳಿದ್ರಿ ಅಂತ ಕೈಯೆತ್ತಿಬಿಟ್ರೆ ನನ್ನ ಮಗಳು ಯಾರ ಬಾಗಿಲು ತಟ್ಟಬೇಕು? ಏರಿದ್ದು ಏರಲಿ, ಅದನ್ನ ನಾನು ಕಾಜಾ ಹಾಕಿ ಕಟ್ತೀನಿ. ಇದ್ದದ್ದು ಇದ್ದ ಹಾಗೆ ಬರಿ."

ಹೊರಗೆ ಬಂದು ಒಂದು ಬೀದಿ ದಾಟಿದ ಮೇಲೆ ಮೇಷ್ಟ್ರು ಕೇಳಿದರು, "ಯಾವಾಗಿಂದ ಗೊತ್ತು ಅತ್ತೆ?"

"ಮದುವೆಯಾದ ವರ್ಷದಿಂದ."

"ಅವಳಿಗೆ?"

"ನಾನ್ಯಾಕೆ ಹೇಳ್ಲಿ? ಗಂಡ ಹೆಂಡ್ತಿ ನಡುವೆ ತೂತು ಮಾಡೋದು ನನ್ನ ಕೆಲಸ ಅಲ್ಲ."

ಮೇಷ್ಟ್ರು ರಸ್ತೆಯಲ್ಲೇ ನಿಂತು, ಹೊಟ್ಟೆ ಹಿಡಿದುಕೊಂಡು ನಕ್ಕರು. ಅವತ್ತಿನಿಂದ ಅತ್ತೆ ಅಳಿಯ ಎಂಬ ಸಂಕೋಚ ಹೋಗಿ ಇಬ್ಬರೂ ಒಂದು ಪಕ್ಷವಾದರು. ಭಾನುವಾರ ಸ್ಕೂಲಿನ ಕಾರು ಖಾಲಿ ಇದ್ದರೆ ಮೇಷ್ಟ್ರು ಅವರನ್ನು ಒಂದು ಸುತ್ತು ಕರೆದೊಯ್ಯುತ್ತಿದ್ದರು. ಹಿಂದಿನ ಸೀಟಿನಲ್ಲಿ ಕೂತ ಕಾಜಾ ಅಮ್ಮ ಪ್ರತಿ ತಿರುವಿನಲ್ಲೂ "ನಿಧಾನ ಅಳಿಯಂದ್ರೆ, ನಿಧಾನ," ಎಂದು ಊರಿಗೇ ನಿಧಾನ ಕಲಿಸಿದ ಮನುಷ್ಯನಿಗೆ ಪಾಠ ಹೇಳುತ್ತಿದ್ದರು. ವರ್ಷಕ್ಕೊಮ್ಮೆ ವಿಮೆಯ ಕಂತು ಕಟ್ಟಿ ಬಂದ ದಿನ ಮೇಷ್ಟ್ರು, "ಈ ವರ್ಷದ್ದೂ ದಂಡ ಅತ್ತೆ, ನಾನು ಗಟ್ಟಿಮುಟ್ಟಾಗಿದ್ದೀನಿ," ಎನ್ನುತ್ತಿದ್ದರು. "ದಂಡ ಆಗ್ತಾನೇ ಇರ್ಲಿ," ಎಂದು ಅವರು ಬೆನ್ನು ತಟ್ಟುತ್ತಿದ್ದರು. ವಿಮೆಯ ಗುಟ್ಟು ಮಗಳಿಗೂ ತಿಳಿಯಿತು. ಬೈದಳು, ಒಂದು ಹೊತ್ತು ಊಟ ಬಿಟ್ಟಳು, ಕೊನೆಗೆ ತನ್ನ ಮುಂದೆ ಆ ಮಾತು ಎತ್ತಬಾರದೆಂದು ಇಬ್ಬರಿಗೂ ತಾಕೀತು ಮಾಡಿ ಸುಮ್ಮನಾದಳು.

ಹೀಗೆ ಹಲವು ವರ್ಷ ಕಳೆದವು. ಮೊಮ್ಮಗಳು ಹೈಸ್ಕೂಲಿನ ಕೊನೆಯ ವರ್ಷಕ್ಕೆ ಬಂದಿದ್ದಳು. ಒಂದು ಬೆಳಿಗ್ಗೆ ಬೀದಿಯ ತುದಿಯಲ್ಲಿ ಡ್ರೈವಿಂಗ್ ಸ್ಕೂಲಿನ ಕಾರು ಬಂದು ನಿಂತಿತು. ಇಳಿದದ್ದು ಮೇಷ್ಟ್ರಲ್ಲ, ಸ್ಕೂಲಿನ ಮಾಲೀಕರು. ಜೊತೆಯಲ್ಲಿ ಆಸ್ಪತ್ರೆಯ ಸಮವಸ್ತ್ರ ತೊಟ್ಟ ನರ್ಸ್ ಒಬ್ಬಳಿದ್ದಳು. ಅವಳು ಮೇಷ್ಟರ ಬಳಿ ಕಾರು ಕಲಿಯುತ್ತಿದ್ದವಳು. ಅಳು ತಡೆದುಕೊಳ್ಳುತ್ತಲೇ ಅವಳು ಹೇಳಿದಳು: "ಕಲಿಸ್ತಾ ಇದ್ದೋರು ನಡುವೆ ಒಮ್ಮೆ ಎದೆ ಒತ್ತಿಕೊಂಡ್ರು. ನನಗೆ ಗಾಬರಿ ಆಗಬಾರದು ಅಂತ ಸಮಾಧಾನವಾಗೇ ಹೇಳಿದ್ರು. ಎಡಕ್ಕೆ ತಗೊಳ್ಳಿ, ಕನ್ನಡಿ ನೋಡಿ, ಈಗ ನಿಲ್ಲಿಸಿ ಅಂತ. ನಿಲ್ಲಿಸಿದೆ. ಇವತ್ತು ಚೆನ್ನಾಗಿ ನಿಲ್ಲಿಸಿದ್ರಿ ಅಂದ್ರು. ಅಷ್ಟೇ ಅಮ್ಮ. ನಾನು ನರ್ಸ್. ನನಗೆ ಗೊತ್ತಿರೋದೆಲ್ಲ ಮಾಡಿದೆ. ಉಳಿಸ್ಕೊಳ್ಳೋಕೆ ಆಗ್ಲಿಲ್ಲ."

ಕಾರ್ಯ ಮುಗಿದು ಬಂದವರೆಲ್ಲ ಹೋದ ಮೇಲೆ ಮನೆ ಖಾಲಿಯಾಯಿತು. ಮಗಳು ಕೋಣೆ ಬಿಟ್ಟು ಬರಲಿಲ್ಲ. ಕಾಜಾ ಅಮ್ಮ ಗಂಜಿ ಹಿಡಿದು ಹೋದರೆ ಅವಳು ಗೋಡೆಯ ಕಡೆ ತಿರುಗಿಕೊಂಡು, "ನೀನೇ ಅವತ್ತು ಆ ಮಾತು ಬಾಯಿಗೆ ತಂದೆ. ಬೇಡ ಬೇಡ ಅಂದೆ ನಾನು," ಎಂದಳು.

ಕಾಜಾ ಅಮ್ಮ ಗಂಜಿಯನ್ನು ಸ್ಟೂಲಿನ ಮೇಲಿಟ್ಟು ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕೂತರು. ಮಾತಿಗೆ ಅಷ್ಟು ಬಲವಿಲ್ಲ ಎಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದರೂ ಎದೆಯಲ್ಲಿ ಮುರಿದ ಸೂಜಿಯ ಹಾಗೆ ಮಗಳ ಮಾತು ಓಡಾಡಿತು. ತಮ್ಮ ಹೊಟ್ಟೆಯಲ್ಲಿ ಹುಟ್ಟದಿದ್ದರೂ ಅಳಿಯ ಅವರಿಗೆ ಮಗನೇ ಆಗಿದ್ದರು.

ಆದರೆ ಕೂತುಬಿಡುವ ಜೀವವಲ್ಲ ಅದು. ಬೇಕಾದ ಕಾಗದಗಳನ್ನು ಹೊಂದಿಸಿಕೊಂಡು ಮೊಮ್ಮಗಳ ಕೈ ಹಿಡಿದು ವಿಮಾ ಕಚೇರಿಗೆ ಹೋದರು. ಕಂಪನಿಯಿಂದ ಒಬ್ಬರು ವಿಚಾರಿಸಲು ಮನೆಗೆ ಬಂದರು. ಏನು ಕಾಯಿಲೆ ಇತ್ತು, ಏನೇನು ಅಭ್ಯಾಸವಿತ್ತು ಎಂದೆಲ್ಲ ಕೇಳಿ, ತಮ್ಮಲ್ಲಿದ್ದ ಅರ್ಜಿಯೊಂದಿಗೆ ತಾಳೆ ನೋಡಿದರು. "ಸಿಗರೇಟಿನ ವಿಷಯ ಮೊದಲೇ ಹೇಳಿದ್ದೀರಲ್ಲ. ಇನ್ನು ತಕರಾರಿಲ್ಲ," ಎಂದು ಎದ್ದರು. ಕೆಲವೇ ವಾರಗಳಲ್ಲಿ ಹಣ ಮಗಳ ಖಾತೆಗೆ ಬಂತು. ಮನೆ ಸಾಲ ತೀರಿತು. ಉಳಿದದ್ದನ್ನು ಬ್ಯಾಂಕಿನಲ್ಲಿಟ್ಟರು. ಅದರಿಂದ ತಿಂಗಳ ಖರ್ಚು ನಡೆಯುವಂತಾಯಿತು, ಮೊಮ್ಮಗಳ ಮುಂದಿನ ಓದಿಗೂ ದಾರಿಯಾಯಿತು.

ಮಗಳು ಮಾತ್ರ ಇನ್ನೂ ಎದ್ದಿರಲಿಲ್ಲ. ಮೊದಲು ಅವಳು ಹತ್ತಿರದ ಶಾಲೆಯೊಂದರಲ್ಲಿ ಅರ್ಧ ದಿನ ಪುಟ್ಟ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಅಲ್ಲಿಗೂ ಹೋಗಲಿಲ್ಲ. ನೆರೆಯವರು, "ಕೆಲಸಕ್ಕೆ ಕಳಿಸಿ ಅಮ್ಮ, ಮನಸ್ಸು ಹಗುರಾಗುತ್ತೆ," ಎಂದು ಬುದ್ಧಿ ಹೇಳಿದರು. "ಅಳಲಿ ಬಿಡಿ," ಎಂದು ಕಾಜಾ ಅಮ್ಮ ಎಲ್ಲರನ್ನೂ ಬಾಗಿಲಿನಿಂದಲೇ ಕಳಿಸಿದರು.

ಒಂದು ಮಧ್ಯಾಹ್ನ ಲಾರಿ ಮೇಷ್ಟರ ಹೆಂಡತಿ ಊಟದ ಡಬ್ಬಿ ಹಿಡಿದು ಬಂದಳು. ಈಗ ಟೈಲರ್ ಅಂಗಡಿಯಲ್ಲಿ ಕಾಜಾ ಅಮ್ಮನ ನಂತರ ಅವಳದೇ ಕೈ. ಮಂಚದ ಅಂಚಿಗೆ ಕೂತು ಮಗಳ ತಲೆ ನೇವರಿಸಿದಳು. "ನನಗೆ ಹೀಗೆ ಮಲಗೋಕೆ ಆಗ್ಲಿಲ್ಲ ಕಣೆ. ಮಲಗಿದ್ರೆ ಮಕ್ಕಳಿಗೆ ಊಟ ಇರ್ತಿರ್ಲಿಲ್ಲ. ನಿನ್ನ ಗಂಡ, ನಿಮ್ಮಮ್ಮ ಸೇರಿ ನಿನಗೆ ಮಲಗೋಕೆ ಒಂದು ಜಾಗ ಮಾಡಿಟ್ಟಿದ್ದಾರೆ. ಮಲಗು. ಸಾಕು ಅನ್ನಿಸಿದಾಗ ಏಳು."

ಅವಳು ಹೋದ ಮೇಲೆ ಮಗಳು ತಾನಾಗಿ ಅಡುಗೆಮನೆಗೆ ಬಂದಳು. ಕಾಜಾ ಅಮ್ಮ ಮಣೆಯ ಮೇಲೆ ಕೂತು ಕಾಳು ಆರಿಸುತ್ತಿದ್ದರು. ಮಗಳು ಪಕ್ಕದಲ್ಲಿ ಕೂತು, ಮೊರವನ್ನು ತನ್ನ ಕಡೆ ಎಳೆದುಕೊಂಡಳು.

"ಅಪ್ಪ ಹೋದಾಗ ನೀನು ತುಂಬಾ ಅತ್ತಿದ್ದೆಯಾ ಅಮ್ಮ?"

"ನೆನಪಿಲ್ಲ. ಪುರಸೊತ್ತು ಇರ್ಲಿಲ್ಲ," ಎಂದರು ಅವರು. ಒಂದು ಕಲ್ಲು ಹೆಕ್ಕಿ ಆಚೆ ಹಾಕಿ ಸೇರಿಸಿದರು: "ಒಂದು ಸಲ ಬಿಳಿ ಅಂಗಿ ಮೇಲೆ ಕಣ್ಣೀರು ಬಿತ್ತು. ಕಲೆ ಆಗುತ್ತಮ್ಮ ಅಂದ್ರು ಟೈಲರು. ಒಳ್ಳೇ ಮನುಷ್ಯ, ಬೈಯ್ಯಲಿಲ್ಲ. ಆದ್ರೆ ಆಮೇಲೆ ನಾನು ಅಳಲಿಲ್ಲ."

ಮಗಳು ತಾಯಿಯ ಭುಜಕ್ಕೆ ತಲೆಯಿಟ್ಟಳು. ಅವತ್ತು ಇಬ್ಬರೂ ಸೇರಿ ಅತ್ತರು. ಕಾಳು ಅರ್ಧ ಆರಿಸಿದ್ದು ಅರ್ಧವಾಗಿಯೇ ಉಳಿಯಿತು, ರಾತ್ರಿ ಊಟದಲ್ಲಿ ಕಲ್ಲು ಸಿಕ್ಕಿತೆಂದು ಮೊಮ್ಮಗಳು ಗೊಣಗಿದಳು.

ಅಲ್ಲಿಂದ ಮಗಳು ಮೆಲ್ಲಗೆ ಎದ್ದಳು. ಅವಸರವಿರಲಿಲ್ಲವಾದ್ದರಿಂದ ಸಿಕ್ಕಿದ ಕೆಲಸ ಹಿಡಿಯಬೇಕಾಗಲಿಲ್ಲ. ಪುಟ್ಟ ಮಕ್ಕಳಿಗೆ ಕಲಿಸುವ ತರಬೇತಿ ಮುಗಿಸಿ ಅದೇ ಶಾಲೆಯಲ್ಲಿ ಪೂರ್ತಿ ಶಿಕ್ಷಕಿಯಾದಳು. ಮೊದಲ ಸಂಬಳ ಬಂದ ವಾರ, "ಅಮ್ಮ, ಸೆರಗು ಸರಿಮಾಡ್ಕೋ, ಒಂದು ಕಡೆ ಹೋಗ್ಬೇಕು," ಎಂದಳು. ಎಲ್ಲಿಗೆಂದು ಹೇಳಲಿಲ್ಲ. ನೋಡಿದರೆ ವಿಮಾ ಕಚೇರಿ. ತನ್ನ ಹೆಸರಿನಲ್ಲಿ, ತನ್ನ ಮಗಳಿಗಾಗಿ, ಟರ್ಮ್ ವಿಮೆ ಬೇಕೆಂದು ಕೇಳಿದಳು.

ಕೆಲಸ ಮುಗಿಯುತ್ತಿದ್ದಂತೆ ಕಾಜಾ ಅಮ್ಮ ಮುಂದೆ ಬಾಗಿದರು. "ನನಗೂ ಒಂದು ಮಾಡಪ್ಪ. ನಾನೂ ದುಡಿಯೋಳೇ."

ಈಗ ತಲೆ ಬೋಳಾಗತೊಡಗಿದ್ದ ಅದೇ ಏಜೆಂಟ್ ನಗುತ್ತ ತಲೆಯಾಡಿಸಿದ. "ನಿಮ್ಮ ವಯಸ್ಸಿಗೆ ಕೊಡೋಕೆ ಬರಲ್ಲ ಅಮ್ಮ."

"ಯಾಕೆ? ಮುದುಕಿ ಸಾಯೋದೇ ಇಲ್ಲ ಅಂತಲಾ? ಹಾಗಂತ ಬರೆದುಕೊಡು, ಗೋಡೆಗೆ ತೂಗು ಹಾಕ್ಕೋತೀನಿ."

ಮಗಳು ಗಟ್ಟಿಯಾಗಿ ನಕ್ಕಳು. ಆ ನಗೆ ಕೇಳಿ ಎಷ್ಟು ದಿನವಾಗಿತ್ತೋ. ಕಾಜಾ ಅಮ್ಮ ಅವಳತ್ತ ನೋಡದೆ, ಕೇಳಿಸಲೇ ಇಲ್ಲವೆಂಬಂತೆ, ಏಜೆಂಟನ ಅಂಗಿಯ ಕಡೆ ಕೈ ಚಾಚಿದರು. "ಇಲ್ಲಿ ಬಾ. ಎರಡನೇ ಗುಂಡಿ ಸಡಿಲ ಆಗಿದೆ. ಬೀಳೋ ಮೊದಲು ಅಂಗಡಿಗೆ ತಂದುಕೊಡು," ಎಂದು ಹೇಳಿ, ಮಗಳ ತೋಳು ಹಿಡಿದು ಮೆಟ್ಟಿಲಿಳಿದರು.