ಗುರುವಾರಗಳ ದೊಡ್ಡಕ್ಕ

ಅವರ ಬಲಗೈ ತೋರುಬೆರಳು ಅರ್ಧ ಇಂಚು ಮೊಟಕಾಗಿತ್ತು. ಉಗುರಿರಬೇಕಾದ ಜಾಗದಲ್ಲಿ ನುಣ್ಣಗಿನ ಗುಲಾಬಿ ಚರ್ಮ. ಅದನ್ನೇ ಚಾಚಿ ದಾರಿ ತೋರಿಸುವರು, ಗದರಿಸುವರು, ನನ್ನ ನೋಟ್‌ಬುಕ್ಕಿನ ತಪ್ಪು ಲೆಕ್ಕದ ಮೇಲೆ ಕುಟ್ಟುವರು. ಏನಾಯಿತೆಂದು ಕೇಳುವ ಮಕ್ಕಳಿಗೆ ಲಾಂಗ್ ಬೀಚಿನಲ್ಲಿ ಶಾರ್ಕ್ ಕಚ್ಚಿತು ಎನ್ನುವರು. ನಿಜವಾಗಿ ಅದು ಹೋದದ್ದು ಕಾಲೇಜಿನ ವರ್ಕ್‌ಶಾಪಿನಲ್ಲಿ, ಲೇತ್ ಯಂತ್ರಕ್ಕೆ ಸಿಕ್ಕಿ.

ನಾನು ಅವರನ್ನು ದೊಡ್ಡಕ್ಕ ಎನ್ನುತ್ತಿದ್ದೆ. ಲಾಸ್ ಏಂಜಲೀಸಿನ ಪಕ್ಕದ ಲಾಂಗ್ ಬೀಚಿನ ಕಾಲೇಜಿನಲ್ಲಿ ನಾನೊಂದು ಸೊರಾರಿಟಿ ಸೇರಿದ್ದೆ. ಅದು ಹುಡುಗಿಯರೇ ಕಟ್ಟಿಕೊಂಡ ಬಳಗ. ಒಮ್ಮೆ ಸೇರಿದವರು ಬದುಕಿರುವವರೆಗೂ ಒಬ್ಬರಿಗೊಬ್ಬರು ಸಿಸ್ಟರ್‌ಗಳು. ಹೊಸಬಳಿಗೆ ಹಿರಿಯಳೊಬ್ಬಳನ್ನು ‘ಬಿಗ್ ಸಿಸ್ಟರ್’ ಎಂದು ಗೊತ್ತು ಮಾಡುತ್ತಾರೆ. ಉಳಿದವರಿಗೆಲ್ಲ ಒಂದೆರಡು ವರ್ಷ ದೊಡ್ಡವಳು ಸಿಕ್ಕರೆ, ಕ್ಲಾಸುಗಳೆಲ್ಲ ಲ್ಯಾಪ್‌ಟಾಪಿಗೆ ಬಂದಿದ್ದ 2020ರಲ್ಲಿ ನನಗೆ ಸಿಕ್ಕವರು ಅರವತ್ತು ದಾಟಿದ ಹಳೆಯ ವಿದ್ಯಾರ್ಥಿನಿ. ಧಾರವಾಡದವರು, ಎಲ್ ಸೆಗುಂಡೋದಲ್ಲಿ ವಿಮಾನದ ಬಿಡಿಭಾಗ ಪರೀಕ್ಷಿಸುವ ಇಂಜಿನಿಯರ್. ಪಟ್ಟಿಯಲ್ಲಿ ಕನ್ನಡದ ಹೆಸರು ಕಂಡು ತಾವಾಗಿಯೇ ನನ್ನನ್ನು ಕೇಳಿ ಪಡೆದರಂತೆ.

ಮರುವರ್ಷ ನಾನು ಇಂಜಿನಿಯರಿಂಗಿನ ಡೈನಮಿಕ್ಸ್ ವಿಷಯದಲ್ಲಿ, ಅಂದರೆ ಚಲನೆ ಮತ್ತು ಬಲಗಳ ಲೆಕ್ಕದಲ್ಲಿ, ಎರಡನೇ ಸಲ ಫೇಲಾದೆ. ಕಾರ್ಲ್ಸ್‌ಬಾಡಿನಲ್ಲಿದ್ದ ಅಪ್ಪ ಅಮ್ಮನಿಗೆ ಎಲ್ಲ ಚೆನ್ನಾಗಿದೆ ಎಂದು ಮೂರು ತಿಂಗಳು ಸುಳ್ಳು ಹೇಳಿದೆ. ಕೊನೆಗೆ ತಡೆಯಲಾಗದೆ ದೊಡ್ಡಕ್ಕನಿಗೆ ಫೋನ್ ಮಾಡಿದೆ.

“ಯಾಕ ಅಳ್ತಿ? ಫೇಲಾಗೀದಿ, ಅಷ್ಟ. ಮನ್ಯಾಗ ಹೇಳೀಯೇನು?”

“ಇಲ್ಲ. ನೀವೇ ಹೇಳ್ತೀರಾ, ಪ್ಲೀಸ್?”

“ನಾ ಹೇಳಂಗಿಲ್ಲ. ನೀನ ಹೇಳಬೇಕು. ನಾ ಬಾಜೂಕ ಕೂತಿರ್ತೀನಿ.”

ಆ ಗುರುವಾರವೇ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಕಾರ್ಲ್ಸ್‌ಬಾಡಿಗೆ ಬಂದರು. ಕೋವಿಡ್ ಭಯಕ್ಕೆ ಹಿತ್ತಿಲಲ್ಲಿ ಕುರ್ಚಿಗಳನ್ನು ದೂರದೂರ ಹಾಕಿದ್ದರು. ನಾನು ಹೇಳಿ ಮುಗಿಸಿದಾಗ ಅಪ್ಪನ ಮುಖ ಕಪ್ಪಿಟ್ಟಿತು.

“ಫೇಲಾಗಿದ್ದು ಹಾಗಿರ್ಲಿ, ಮೂರು ತಿಂಗಳು ಸುಳ್ಳು ಹೇಳಿದ್ಯಲ್ಲ! ಸಾಕು, ಇಂಜಿನಿಯರಿಂಗ್ ಬಿಟ್ಟು ಮನೆಗೆ ಬಾ.”

ಅಲ್ಲಿಯವರೆಗೆ ಸುಮ್ಮನೆ ಕಾಫಿ ಕುಡಿಯುತ್ತಿದ್ದ ದೊಡ್ಡಕ್ಕ ಲೋಟ ಕೆಳಗಿಟ್ಟರು. “ಸುಳ್ಳು ಹೇಳಿದ್ದು ತಪ್ಪು, ಬೈಯ್ರಿ. ಆದ್ರ ಇದ ವಿಷಯದಾಗ ನಾನೂ ಎರಡು ಸಲ ಬಿದ್ದಾಕಿ. ಇನ್ನೊಂದು ಸಲ ತಗೊಳ್ಳಲಿಕ್ಕೆ ಬಿಡ್ರಿ. ಪಾಠ ನಾ ಹೇಳ್ತೀನಿ.”

“ಇನ್ನೊಂದೇ ಸಲ” ಎಂದು ಅಪ್ಪ ಎದ್ದು ಒಳಗೆ ಹೋದರು. ಅಮ್ಮ, “ಊಟ ಮಾಡ್ಕೊಂಡು ಹೋಗಿ” ಎಂದಳು.

“ಇನ್ನೊಂದಿನ ಬರ್ತೀನ್ರಿ. ಗುರುವಾರ ನಂದಲ್ಲ.”

ಕಾರು ಲಾಂಗ್ ಬೀಚಿನ ಕಡೆ ಹೋಗದೆ ದಕ್ಷಿಣಕ್ಕೆ ತಿರುಗಿತು. ಎಲ್ಲಿಗೆಂದು ಕೇಳಿದೆ. “ನನ್ನ ಪಾಸ್ ಮಾಡಿಸಿದಾಕಿ ಮನೀಗೆ” ಎಂದರು.

ಆಕೆ ಸ್ಯಾನ್ ಡಿಯಾಗೋದಲ್ಲಿದ್ದ ನಿವೃತ್ತ ಶಾಲಾ ಟೀಚರ್, ಮೆಕ್ಸಿಕೋ ಮೂಲದವರು. ಕಾಲೇಜಿನಲ್ಲಿ ದೊಡ್ಡಕ್ಕನ ರೂಮ್‌ಮೇಟ್, ಅದೇ ಬಳಗದವರು. ಬೆರಳು ಹೋದ ಮೇಲೆ ದೊಡ್ಡಕ್ಕ ಕೋಣೆಯ ಬಾಗಿಲು ಹಾಕಿಕೊಂಡು, ಊರಿಗೆ ವಾಪಸ್ ಹೋಗುತ್ತೇನೆಂದು ಹಟ ಹಿಡಿದಿದ್ದರಂತೆ. ಆಗ ಇಂಗ್ಲಿಷ್ ಸಾಹಿತ್ಯ ಓದುತ್ತಿದ್ದ ಈ ಗೆಳತಿ, ತಮಗೆ ಒಂದಕ್ಷರವೂ ಅರ್ಥವಾಗದ ಡೈನಮಿಕ್ಸ್ ಕ್ಲಾಸಿನಲ್ಲಿ ಇಡೀ ಟರ್ಮ್ ಕೂತು, ಬೋರ್ಡಿನ ಮೇಲಿದ್ದ ಒಂದೊಂದು ಗೆರೆಯನ್ನೂ ಬರೆದು ತಂದುಕೊಟ್ಟಿದ್ದರು. ಹಿಂದಿನ ವರ್ಷ ಪಾರ್ಶ್ವವಾಯು ಹೊಡೆದು ಆಕೆಯ ಬಲಗೈಯೂ ಮಾತೂ ಹೋಗಿದ್ದವು. ಎಲ್ಲ ಅರ್ಥವಾಗುತ್ತಿತ್ತು, ಶಬ್ದ ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ಬಿಗಿ ಲಾಕ್‌ಡೌನ್ ಸಡಿಲವಾದ ದಿನದಿಂದ ದೊಡ್ಡಕ್ಕ ಪ್ರತಿ ಗುರುವಾರ ರಜೆ ಹಾಕಿ, ಎರಡೂವರೆ ಗಂಟೆ ಡ್ರೈವ್ ಮಾಡಿ ಬಂದು ಮಾತಿನ ಅಭ್ಯಾಸ ಮಾಡಿಸುತ್ತಿದ್ದರು.

ಅಂದು ಮೇಜಿನ ಮೇಲೆ ಒಂದು ಕಿತ್ತಳೆ ಇಟ್ಟು, ಇದೇನು ಎಂದು ಕೇಳಿದರು. ಗೆಳತಿಯ ತುಟಿ ಅಲುಗಿತು, ಕುತ್ತಿಗೆಯ ನರ ಉಬ್ಬಿತು. ಟ್ರಾಫಿಕ್ಕಿನಲ್ಲಿ ಅರ್ಧ ನಿಮಿಷ ನಿಲ್ಲಲಾರದ ದೊಡ್ಡಕ್ಕ ಕೈಕಟ್ಟಿ ಕೂತಿದ್ದರು. ಐದು ನಿಮಿಷವಾಯಿತು. ನನಗೆ ನೋಡಲಾಗಲಿಲ್ಲ, “ಆರೆಂಜ್” ಎಂದುಬಿಟ್ಟೆ.

ದೊಡ್ಡಕ್ಕ ನನ್ನ ಕಡೆ ತಿರುಗಿದರು. ದನಿ ಏರಿಸಲಿಲ್ಲ. “ಅಕಿ ಮಾತು ನೀ ಯಾಕ ಕಸ್ಕೊಂಡಿ?”

ಆಮೇಲೆ ಕಿತ್ತಳೆ ಎತ್ತಿಟ್ಟು ಒಂದು ಚಮಚ ಇಟ್ಟರು. ಮತ್ತೆ ಕೂತರು. ನಲವತ್ತು ವರ್ಷದ ಗೆಳೆತನ ಎಂದರೇನೆಂದು ಅದಕ್ಕೂ ಮೊದಲು ನಾನು ಕಂಡಿರಲಿಲ್ಲ. ಕಡೆಗೂ “ಸ್ಪೂನ್” ಎಂಬ ಮಾತು ಒಡೆದ ದನಿಯಲ್ಲಿ ಹೊರಬಂದಾಗ ಇಬ್ಬರೂ ಹುಡುಗಿಯರ ಹಾಗೆ ಮೇಜು ಬಡಿದು ನಕ್ಕರು.

ನನಗೆ ಪಾಠ ಹೇಳಿದ್ದೂ ಹಾಗೆಯೇ. ಉತ್ತರ ಕೊಡುತ್ತಿರಲಿಲ್ಲ. ನಾನು ತಡಕಾಡುವುದನ್ನು ಝೂಮ್‌ನಲ್ಲಿ ನೋಡುತ್ತ, ಅಡುಗೆ ಮನೆಯಲ್ಲಿ ಸೊಪ್ಪು ಸೋಸುತ್ತ, “ಹೂಂ, ಮುಂದ?” ಎನ್ನುವರು. ಮೂರನೇ ಸಲ ಪಾಸಾದೆ. ರಿಸಲ್ಟ್ ಹೇಳಿದರೆ “ಛಲೋ ಆತು. ಗುರುವಾರ ಬರ್ತೀಯೇನು, ಡ್ರೈವ್ ಮಾಡ್ಲಿಕ್ಕೆ?” ಎಂದರು, ಅಷ್ಟೇ. ಅಲ್ಲಿಂದ ಮುಂದೆ, ಓದು ಮುಗಿದು ಕೆಲಸಕ್ಕೆ ಸೇರಿದ ಮೇಲೂ, ಬಿಡುವಾದ ಗುರುವಾರಗಳಲ್ಲೆಲ್ಲ ಜೊತೆಗೆ ಹೋದೆ. ಶಬ್ದಗಳು ಹತ್ತಾದವು, ನೂರಾದವು, ತುಂಡು ತುಂಡು ವಾಕ್ಯಗಳಾದವು.

ಹೋದ ವರ್ಷ ಒಂದು ಬೆಳಿಗ್ಗೆ ಆಫೀಸಿಗೆ ಹೊರಟಿದ್ದ ದೊಡ್ಡಕ್ಕ ಗ್ಯಾರೇಜಿನಲ್ಲಿ ಕುಸಿದರು. ಹೃದಯ ನಿಂತಿತ್ತು.

ಅವರು ಮದುವೆಯಾಗಿರಲಿಲ್ಲ. ಧಾರವಾಡದಲ್ಲಿದ್ದ ತಮ್ಮನಿಗೆ ವೀಸಾ ಅಷ್ಟು ಬೇಗ ಸಿಗಲಿಲ್ಲ. ಲಾಸ್ ಏಂಜಲೀಸಿನ ಚಿತಾಗಾರದಲ್ಲಿ ತಮ್ಮನಿಗೆ ವಿಡಿಯೊದಲ್ಲಿ ಕಾಣಲೆಂದು ನಾನು ಫೋನ್ ಹಿಡಿದು ನಿಂತಿದ್ದೆ. ಬಳಗದ ನಾಲ್ವರು ಹಿರಿಯರು ಬಂದಿದ್ದರು. ಅವರಲ್ಲೊಬ್ಬರಾದ ಸ್ಯಾನ್ ಡಿಯಾಗೋದ ಗೆಳತಿ ಗಾಲಿಕುರ್ಚಿಯಲ್ಲಿದ್ದರು. ಮಾತು ಬಂದ ಮೇಲೂ ಅಪರಿಚಿತರ ಎದುರು ಅವರು ಬಾಯಿ ತೆರೆಯುತ್ತಿರಲಿಲ್ಲ.

ಮಂತ್ರ ಮುಗಿಸಿ ಪುರೋಹಿತರು ಇಂಗ್ಲಿಷಿನಲ್ಲಿ ಕೇಳಿದರು: “ಹತ್ತಿರದ ಸಂಬಂಧಿಕರು ಯಾರಿದ್ದೀರಿ? ಚಿತೆಯ ಬಟನ್ ಒತ್ತಬೇಕು.”

“ಸಿಸ್ಟರ್,” ಎಂದರು ಗೆಳತಿ. ಸ್ಪಷ್ಟವಾಗಿ, ತಡವರಿಸದೆ.

ಪುರೋಹಿತರು ಅವರನ್ನು ನೋಡಿದರು, ಗೊಂದಲಗೊಂಡು ನನ್ನನ್ನು ನೋಡಿದರು. ಫೋನಿನೊಳಗಿಂದ ತಮ್ಮನ ದನಿ ಬಂತು: “ಹೌದ್ರಿ, ಅವರ ಖರೆ ಸಿಸ್ಟರ್. ಅವರ ಮಾಡ್ಲಿ.”

ಅದನ್ನು ಪುರೋಹಿತರಿಗೆ ಇಂಗ್ಲಿಷಿನಲ್ಲಿ ತಿಳಿಸಿ, ಕುರ್ಚಿಯನ್ನು ನಾನೇ ತಳ್ಳಿಕೊಂಡು ಹೋದೆ. ಅವರು ಎಡಗೈಯನ್ನು ಬಟನ್ನಿನ ಮೇಲಿಟ್ಟರು. ಉಳಿದ ಮೂವರು ಬಂದು ಅದರ ಮೇಲೆ ಕೈಯಿಟ್ಟರು. ನಾನು ಹಿಂದೆ ಸರಿಯಲು ಹೋದಾಗ ಗೆಳತಿ ತಲೆಯೆತ್ತಿ, “ಯೂ ಟೂ” ಎಂದರು. ಎಲ್ಲರ ಕೈಗಳ ಮೇಲೆ ನನ್ನ ಕೈಯಿಟ್ಟು ನಾನೂ ಒತ್ತಿದೆ.