ಎಡಗಣ್ಣಿಗೊಂದು ಕಾವಲು

ಬೆಳಗಿನ ಆರೂವರೆ. ಪುಟ್ಟೇನಹಳ್ಳಿಯ ಒಂದು ವಠಾರದ ಅಂಗಳದಲ್ಲಿ ಸರ್ವಮಂಗಳಾ ಅವತ್ತಿನ ಪೇಪರನ್ನು ಎದೆಯ ಮುಂದೆ ಬಿಡಿಸಿ ಹಿಡಿದು ನಿಂತಿದ್ದಾರೆ. ಹತ್ತು ಅಡಿ ದೂರದಲ್ಲಿ ಒಂಬತ್ತು ವರ್ಷದ ಸಿರಿ. ಬಲಗಣ್ಣಿಗೆ ಪಟ್ಟಿ ಅಂಟಿಸಿದೆ, ಎಡಗಣ್ಣಿನಿಂದಲೇ ಓದಬೇಕು. ದಪ್ಪಕ್ಷರದ ತಲೆಬರಹವನ್ನು ಹೇಗೋ ಓದುತ್ತಾಳೆ. ಅದರ ಕೆಳಗಿನ ಸಾಲಿಗೆ ಬಂದಾಗ ತಡವರಿಸಿ ಸುಮ್ಮನಾಗುತ್ತಾಳೆ. "ಇರ್ಲಿ ಬಿಡು ಪುಟ್ಟಿ, ನಾಳೆ ನೋಡೋಣ," ಎನ್ನುತ್ತಾರೆ ಸರ್ವಮಂಗಳಾ. ಮೂರು ತಿಂಗಳಿಂದ ಅದೇ ಮಾತು.

ಶ್ರೀನಗರದ ಸರ್ವಮಂಗಳಾ ಜಯನಗರದ ಪುಟ್ಟ ಕಣ್ಣಿನ ಕ್ಲಿನಿಕ್ಕೊಂದರಲ್ಲಿ ಹದಿನಾರು ವರ್ಷದಿಂದ ಆಯಾ. ಅಲ್ಲಿ ಮಕ್ಕಳ ಚೆನ್ನಾಗಿರುವ ಕಣ್ಣನ್ನು ಮುಚ್ಚಿ, ಮಂದವಾಗಿ ಕಾಣುವ 'ಸೋಮಾರಿ' ಕಣ್ಣಿನಿಂದ ಕೆಲಸ ಮಾಡಿಸುತ್ತಾರೆ. ದೃಷ್ಟಿ ಬಂತೆಂದರೆ ಅಪ್ಪ ಅಮ್ಮ ನಿರಾಳ. ಆದರೆ ಬಂದ ದೃಷ್ಟಿ ಸದ್ದಿಲ್ಲದೆ ಹಿಂದಕ್ಕೆ ಜಾರಬಹುದು. ಇನ್ನೊಂದು ಕಣ್ಣು ಎಲ್ಲ ನಿಭಾಯಿಸುವುದರಿಂದ ಮಗುವಿಗೇ ಗೊತ್ತಾಗುವುದಿಲ್ಲ. ತಪಾಸಣೆಗೆ ಬಾರದ ಮಕ್ಕಳ ಮನೆ ಹುಡುಕಿಕೊಂಡು ಹೋಗೆಂದು ಇವರಿಗೆ ಯಾರೂ ಹೇಳಿರಲಿಲ್ಲ. ಡ್ಯೂಟಿಗೆ ಮುಂಚೆ, ಎರಡು ಬಸ್ಸು ಬದಲಿಸಿ, ತಾವೇ ಹೊರಟರು. ಈಗ ಹನ್ನೊಂದು ಮನೆ.

ಒಂದೂವರೆ ವರ್ಷದ ಹಿಂದೆ, 2002ರಲ್ಲಿ, ಚಿಕಿತ್ಸೆ ಮುಗಿದಾಗ ಸಿರಿಯ ಎಡಗಣ್ಣು ಚಾರ್ಟಿನ ಕೊನೆಯ ಸಾಲನ್ನೂ ಓದಿತ್ತು. ಅಮ್ಮ ರಾಜಶ್ರೀಗೆ ಗಾರ್ಮೆಂಟ್ಸ್‌ನಲ್ಲಿ ರಜೆ ಸಿಗುತ್ತಿರಲಿಲ್ಲ. ಪಾಪ, ಓಡಾಟ ತಪ್ಪಲಿ ಎಂದು ಸರ್ವಮಂಗಳಾ ಕ್ಲಿನಿಕ್ಕಿನ ಹಳೆಯ ಚಾರ್ಟನ್ನು ತಂದು ಅವರ ಗೋಡೆಗೇ ತೂಗುಹಾಕಿದರು. ತಿಂಗಳಿಗೊಮ್ಮೆ ಬಲಗಣ್ಣು ಮುಚ್ಚಿ ಓದಿಸುವರು, ಸಿರಿ ಪಟಪಟನೆ ಒಪ್ಪಿಸುವಳು. ಒಳ್ಳೆಯತನ ಕೈಕೊಟ್ಟಿದ್ದು ಇಲ್ಲೇ. ದಿನವಿಡೀ ಕಣ್ಣೆದುರಿಗಿರುವ ಅಕ್ಷರಗಳನ್ನು ಮಗು ಬಾಯಿಪಾಠ ಮಾಡದೆ ಇನ್ನೇನು ಮಾಡೀತು! ಹದಿನಾಲ್ಕು ತಿಂಗಳ ಮೇಲೆ ಡಾಕ್ಟರು ಬೇರೆ ಚಾರ್ಟ್ ತೋರಿಸಿದಾಗ ಮೇಲಿನ ಎರಡು ಸಾಲು ಬಿಟ್ಟು ಏನೂ ಕಾಣಲಿಲ್ಲ. "ತುಂಬಾ ತಡ ಆಯ್ತು. ಪಟ್ಟಿ ಹಾಕಿ ನೋಡಿ, ಜಾಸ್ತಿ ಆಸೆ ಇಟ್ಕೋಬೇಡಿ," ಎಂದರು. ಅಂದಿನಿಂದ ಓದಿಸಲು ದಿನಕ್ಕೊಂದು ಹೊಸ ಪೇಪರು.

"ನನ್ ಕೈಯಾರೆ ಮಾಡ್ದೆ ಸಾರ್," ಎನ್ನುತ್ತಾರೆ ಸರ್ವಮಂಗಳಾ, ವರದಿಗೆಂದು ಜೊತೆಗೆ ಬಂದ ನನ್ನೊಡನೆ. " ಸರಿ ಇದೆ, ಸರಿ ಇದೆ ಅಂತ ಪ್ರತಿ ತಿಂಗಳೂ ನಾನೇ ಹೇಳ್ದೆ. ರಾಜಶ್ರೀ ಒಂದ್ ಮಾತೂ ಬೈಲಿಲ್ಲ. ಬೈದಿದ್ರೆ ನಿದ್ದೆನಾದ್ರೂ ಬರ್ತಿತ್ತು."

ಉಳಿದ ಹತ್ತು ಮಕ್ಕಳ ದೃಷ್ಟಿ ಜಾರದೆ ನಿಂತಿದೆಯಲ್ಲ ಎಂದರೆ ಅವರ ಮುಖ ಅರಳುವುದಿಲ್ಲ. "ಅದ್ನ ಸಿರಿಗೆ ಹೇಳಕ್ಕಾಗತ್ತಾ ಸಾರ್?"

ಪಟ್ಟಿ ಬಿಚ್ಚಿಸಿಕೊಳ್ಳುತ್ತಾ ಸಿರಿಯೇ ಅವರನ್ನು ಸಮಾಧಾನ ಮಾಡುತ್ತಾಳೆ: "ಬೇಜಾರ್ ಮಾಡ್ಕೋಬೇಡಿ ಆಂಟಿ, ಇನ್ನೊಂದ್ ಕಣ್ಣು ಚೆನ್ನಾಗಿದ್ಯಲ್ಲಾ."

ಸರ್ವಮಂಗಳಾ ನಗಲು ನೋಡುತ್ತಾರೆ, ಆಗುವುದಿಲ್ಲ. ಬಸ್‌ಸ್ಟಾಪಿನಲ್ಲಿ ತಾವಾಗಿಯೇ ಹೇಳುತ್ತಾರೆ: "ಎಡಗಣ್ಣು ಬರ್ಲಿ ಅಂತ ಕೇಳ್ಕೊಳೋದು ಬಿಟ್ಟಿದೀನಿ ಸಾರ್. ಅವಳು ಮುದುಕಿ ಆಗೋವರ್ಗೂ ಆ ಬಲಗಣ್ಣಿಗೆ ಏನೂ ಆಗ್ದೇ ಇರ್ಲಿ, ಅಷ್ಟೇ."